ಕೆಲಸ ಹೋಗಿದೆ, ಮಕ್ಕಳು ಚಿಕ್ಕವರು, ಅಮ್ಮನಿಗೆ ಹುಷಾರಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಖಾಸಗಿ ಕೆಲಸ ಕಳೆದುಕೊಂಡು, ಶಾಲೆಗೆ ಹೋಗುವ ಮಕ್ಕಳನ್ನೂ ಕಾಯಿಲೆಯ ಹಿರಿಯರನ್ನೂ ಮನೆಯಲ್ಲಿಟ್ಟುಕೊಂಡು ಹೊಸ ಕೆಲಸ ಹುಡುಕುತ್ತಿರುವ ಕರ್ನಾಟಕದ ಕುಟುಂಬಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ದಿನಗಳಿಗೆ ಬೇಕಾದವು ಮೇಲೆ, ತೊಡಕಿನವು ಕೆಳಗೆ. ಉತ್ತರಗಳ ಹಿಂದಿರುವ ಲೆಕ್ಕ ಒಂದೇ: ಯಾವುದಕ್ಕೆ ಗಡುವು ಇದೆಯೋ ಅದು ಮೊದಲು, ಯಾವುದು ಹೆಚ್ಚು ಹೆದರಿಸುತ್ತದೋ ಅದಲ್ಲ.

## ಮೊದಲ ಹದಿನೈದು ದಿನ

ಕೆಲಸ ಹೋಯ್ತು. ನಾಳೆ ಬೆಳಗ್ಗೆ ಎದ್ದು ಮೊದಲು ಏನು ಮಾಡ್ಲಿ? ರೆಸ್ಯೂಮೆ ಸರಿ ಮಾಡ್ಲಾ?

ರೆಸ್ಯೂಮೆ ಒಂದು ವಾರ ತಡವಾದರೆ ನಷ್ಟವಿಲ್ಲ. ಆಫೀಸಿನ ಲಾಗಿನ್ ಮಾತ್ರ ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು. ಅದಕ್ಕೂ ಮೊದಲು ನಿಮ್ಮದೇ ಕಾಗದಗಳನ್ನು ಇಳಿಸಿಕೊಳ್ಳಿ: ಕಳೆದ ಆರು ತಿಂಗಳ ಸಂಬಳದ ಚೀಟಿ, ನೇಮಕಾತಿ ಪತ್ರ, ಸಂಬಳ ಹೆಚ್ಚಿಸಿದ ಪತ್ರಗಳು, ಫಾರ್ಮ್ 16, ಆರೋಗ್ಯ ವಿಮೆಯ ಇ-ಕಾರ್ಡು ಮತ್ತು ಪಾಲಿಸಿ ಸಂಖ್ಯೆ, ಪಿಎಫ್‌ನ ಯುಎಎನ್ (ಪಿಎಫ್ ಸದಸ್ಯತ್ವದ ಖಾಯಂ ಸಂಖ್ಯೆ). ಕಂಪನಿಯ ಕಡತಗಳಿಗೆ ಕೈ ಹಾಕಬೇಡಿ, ಬಾಕಿ ಲೆಕ್ಕವನ್ನು ತಡೆಹಿಡಿಯಲು ಅದೊಂದೇ ನೆಪ ಸಾಕು. ಪಿಎಫ್ ಮತ್ತು ಬ್ಯಾಂಕ್ ಖಾತೆಗೆ ಆಫೀಸಿನ ಸಿಮ್ ಅಥವಾ ಆಫೀಸಿನ ಮೇಲ್ ಜೋಡಿಸಿದ್ದರೆ ಅಂದೇ ಬದಲಿಸಿ. ಕೊನೆಯ ಕೆಲಸದ ದಿನ ಯಾವುದು ಎಂಬುದನ್ನು ಮೇಲ್‌ನಲ್ಲಿ ಕೇಳಿ ಪಡೆಯಿರಿ. ಮುಂದಿನ ಎಲ್ಲ ಲೆಕ್ಕವೂ ಆ ತಾರೀಖಿನಿಂದಲೇ ಶುರು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಮೂರು ತಿಂಗಳ ತಾರೀಖುಗಳನ್ನು ಬರೆಯಿರಿ. ಶಾಲೆಯ ಫೀಸಿನ ಕಂತು, ಇಎಂಐ, ವಿಮೆಯ ಕೊನೆಯ ದಿನ, ಅಮ್ಮನ ಮುಂದಿನ ತಪಾಸಣೆ, ಮನೆಯಲ್ಲಿರುವ ಔಷಧಿ ಮುಗಿಯುವ ದಿನ. ಈ ಹಾಳೆ ಅಡುಗೆಮನೆಯ ಗೋಡೆಯ ಮೇಲಿರಲಿ. ಒಬ್ಬರ ತಲೆಯಲ್ಲಷ್ಟೇ ಇದ್ದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದೂ ಅವರೊಬ್ಬರಿಗೇ.

ಕಂಪನಿ ಇನ್ಶೂರೆನ್ಸ್ ಎಷ್ಟು ದಿನ ಇರುತ್ತೆ? ಅಮ್ಮನ ಆಪರೇಷನ್ ಬೇರೆ ಬಾಕಿ ಇದೆ.

ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಕೆಲವು ಕಂಪನಿಗಳು ತಿಂಗಳ ಕೊನೆಯವರೆಗೆ ಬಿಡುತ್ತವೆ, ಬೇಡಿದರೆ ಒಂದೆರಡು ತಿಂಗಳು ವಿಸ್ತರಿಸುವುದೂ ಉಂಟು. ಎಚ್‌ಆರ್ ಬಾಯಿಮಾತನ್ನು ನಂಬದೆ ತಾರೀಖನ್ನು ಬರಹದಲ್ಲಿ ಪಡೆಯಿರಿ. ವೈದ್ಯರು ಈಗಾಗಲೇ ಹೇಳಿರುವ ಶಸ್ತ್ರಚಿಕಿತ್ಸೆಯನ್ನು, ಅವರು ಒಪ್ಪಿದರೆ, ಆ ತಾರೀಖಿನೊಳಗೆ ಮುಗಿಸುವುದು ಮೊದಲ ಆಯ್ಕೆ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಚಿಪ್ಪಿನಂಥ ಮುಂದೂಡುತ್ತಾ ಬಂದ ಕೆಲಸಗಳಿಗೆ ಇದೇ ಸಮಯ.

ಎರಡನೆಯದು, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳುವುದು. ಕಂಪನಿಯ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಹೊಸ ಪಾಲಿಸಿಯ ಕಾಯುವ ಅವಧಿಗೆ ಜಮೆಯಾಗುತ್ತವೆ, ಲಾಭ ಇರುವುದು ಅಲ್ಲಿ. ಹೊಸದಾಗಿ ಕೊಂಡರೆ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಬೇಕಾಗಬಹುದು. ಗುಂಪು ವಿಮೆ ಕಡಿದುಹೋದ ಮೇಲೆ ಕೇಳಿದರೆ ಈ ಜಮೆಯ ಮಾತೇ ಇಲ್ಲ, ಹಾಗಾಗಿ ನೋಟಿಸ್ ಅವಧಿಯಲ್ಲೇ ಅರ್ಜಿ ಹೋಗಲಿ. ಹಿರಿಯರಿಗೆ ಪ್ರೀಮಿಯಂ ಜೋರಾಗಿಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಮಾತ್ರ ಸಮಾಧಾನ. ಪ್ರೀಮಿಯಂ ಇಳಿಸಲೆಂದು ಬಿಪಿ, ಶುಗರ್ ಮುಚ್ಚಿಡುವವರಿದ್ದಾರೆ. ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಅದು ಸಿಕ್ಕಿಬೀಳುತ್ತದೆ, ಬೇಕಾದ ಹೊತ್ತಿಗೆ ಕ್ಲೇಮು ತಿರಸ್ಕಾರವಾಗುತ್ತದೆ.

ನಮ್ಮದು ಇಎಸ್‌ಐ. ಕೆಲಸ ಬಿಟ್ಟ ತಕ್ಷಣ ಆಸ್ಪತ್ರೆಗೆ ಹೋಗೋಕಾಗಲ್ವಾ?

ಹೋಗಬಹುದು, ಇದು ಬಹಳ ಜನ ಕೈಬಿಡುವ ಸೌಲಭ್ಯ. ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟಿದ ಅವಧಿ ಒಂದು, ಅದರ ಫಲ ಪಡೆಯುವ ಅವಧಿ ಇನ್ನೊಂದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಅಂದರೆ ಆಗಸ್ಟ್‌ನಲ್ಲಿ ಕೆಲಸ ಹೋಗಿದ್ದು, ಆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಮುಂದಿನ ಜೂನ್‌ವರೆಗೆ ದಾರಿ ತೆರೆದಿರುತ್ತದೆ. ರಾಜಾಜಿನಗರ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ಅರ್ಹತೆಯನ್ನು ಗಣಕದಲ್ಲಿ ನೋಡಿ ಹೇಳುತ್ತಾರೆ. ‘ಕೆಲಸ ಬಿಟ್ಟೆ’ ಎಂದು ನೀವೇ ಅಂದುಕೊಂಡು ಕಾರ್ಡನ್ನು ಮೂಲೆಗೆ ಹಾಕಬೇಡಿ. ಇಎಸ್‌ಐನದೇ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಕ್ಕೆ ಕೊಡುತ್ತಾರೆ, ಜೀವನದಲ್ಲಿ ಒಮ್ಮೆ. ಅದು ಅವಧಿ ವಿಸ್ತರಿಸುತ್ತಾ ನಡೆಯುವ ಯೋಜನೆ, ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿಯೇ ಅರ್ಜಿ ಹಾಕಿ.

ಪಿಎಫ್ ಪೂರ್ತಿ ತೆಗೆದುಬಿಡ್ಲಾ?

ಬೇಡ. ಬೇಕಾದಷ್ಟು ತೆಗೆಯಿರಿ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಕೇಂದ್ರೀಯ ಮಂಡಳಿ, ಕೆಲಸ ಹೋದವರು ಶೇ 75ರಷ್ಟನ್ನು ಕೂಡಲೇ, ಪೂರ್ತಿ ಹಣವನ್ನು 12 ತಿಂಗಳ ಬಳಿಕ ಪಡೆಯುವಂತೆ ನಿಯಮ ಬದಲಿಸಲು ತೀರ್ಮಾನಿಸಿತು. ಹಿಂದೆ ಪೂರ್ತಿ ಹಣಕ್ಕೆ ಎರಡು ತಿಂಗಳು ಸಾಕಿತ್ತು. ಅರ್ಜಿ ಹಾಕುವ ದಿನ ಪೋರ್ಟಲ್ ಎಷ್ಟು ತೋರಿಸುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಟ್ಟು ಸೇವೆ ಐದು ವರ್ಷ ಆಗಿಲ್ಲದಿದ್ದರೆ ತೆಗೆದ ಹಣಕ್ಕೆ ತೆರಿಗೆ ಬೀಳಬಹುದು. ಹಳೆಯ ಕಂಪನಿಗಳ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಸೇರುತ್ತವೆ. ಪಿಂಚಣಿಯ ಪಾಲನ್ನು ಮಾತ್ರ ಮುಟ್ಟಬೇಡಿ. ಹತ್ತು ವರ್ಷ ತುಂಬಿದರೆ ಪಿಂಚಣಿ, ನಡುವೆ ತೆಗೆದರೆ ಮತ್ತೆ ಒಂದರಿಂದ ಎಣಿಕೆ.

ಅರ್ಜಿ ತಿರಸ್ಕಾರವಾಗಲು ಮೂರು ಕಾರಣ ಹೆಚ್ಚು. ಒಂದು, ಕಂಪನಿ ನಿರ್ಗಮನದ ತಾರೀಖು ದಾಖಲಿಸಿರುವುದಿಲ್ಲ. ಎರಡು ತಿಂಗಳ ನಂತರ ಅದನ್ನು ನೀವೇ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಎರಡು, ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು, ಪಿಎಫ್‌ನಲ್ಲಿ ಬರೀ ಅಕ್ಷರ ಇರುವುದು. ಮೂರನೆಯದು ನಮ್ಮ ರಾಜ್ಯಕ್ಕೆ ವಿಶೇಷ: ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ ಇನ್ನೂ ಹಾಗೇ ಉಳಿದಿರುವುದು. ಅವು ಕ್ರಮವಾಗಿ ಬ್ಯಾಂಕ್ ಆಫ್ ಬರೋಡಾ, ಕೆನರಾ, ಯೂನಿಯನ್ ಬ್ಯಾಂಕ್ ಆಗಿ ವರ್ಷಗಳೇ ಕಳೆದವು.

ಯುವನಿಧಿ ಸಿಗುತ್ತಾ?

ಅನುಭವಿಗಳಿಗೆ ಇಲ್ಲ. ಅದು 2022–23ರಲ್ಲಿ ಮತ್ತು ಆನಂತರ ಪದವಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಗೃಹಲಕ್ಷ್ಮಿಯ 2,000 ರೂಪಾಯಿ ಕೂಡ ಮನೆಯೊಡತಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಬರುವುದಿಲ್ಲ.

## ಮಕ್ಕಳು

ಮಕ್ಕಳಿಗೆ ಹೇಳ್ಬೇಕಾ? ಚಿಕ್ಕೋರು, ಯಾಕೆ ಟೆನ್ಷನ್ ಕೊಡೋದು ಅಂತ.

ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ, ತಪ್ಪಾಗಿ ಗೊತ್ತಾಗುತ್ತದೆ. ಅಪ್ಪ ಹಗಲಲ್ಲೂ ಮನೆಯಲ್ಲಿ, ಅಮ್ಮ ಬಾಗಿಲು ಹಾಕಿಕೊಂಡು ಫೋನಿನಲ್ಲಿ, ಅಜ್ಜಿ ಆಸ್ಪತ್ರೆಯಲ್ಲಿ. ಇಷ್ಟು ನೋಡಿದ ಏಳು ವರ್ಷದ ಮಗು ಎಷ್ಟೋ ಸಲ ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಆರು ವರ್ಷದೊಳಗಿನವರಿಗೆ ಎರಡು ವಾಕ್ಯ ಸಾಕು: ‘ಅಪ್ಪನ ಹಳೇ ಆಫೀಸು ಮುಗೀತು ಪುಟ್ಟ, ಹೊಸದು ಹುಡುಕ್ತಿದೀವಿ. ನಿನ್ನ ಶಾಲೆ, ಊಟ, ಆಟ ಎಲ್ಲ ಹಾಗೇ ಇರುತ್ತೆ.’ ಎಂಟರಿಂದ ಹನ್ನೆರಡರವರಿಗೆ ಏನೇನು ಕಡಿಮೆ ಮಾಡುತ್ತೀರಿ ಎಂಬುದನ್ನು ಹೆಸರಿಟ್ಟು ಹೇಳಿ. ‘ಖರ್ಚು ಕಮ್ಮಿ ಮಾಡ್ಬೇಕು’ ಎಂಬ ಬರೀ ಮಾತಿಗಿಂತ ‘ಈ ವರ್ಷ ಈಜು ಕ್ಲಾಸು ಇಲ್ಲ, ಹುಟ್ಟುಹಬ್ಬ ಮನೆಯಲ್ಲೇ’ ಎಂಬುದು ಅವರಿಗೆ ಹಗುರ. ಹತ್ತನೇ ತರಗತಿಯವರಿಗೆ ಲೆಕ್ಕವನ್ನೇ ತೋರಿಸಬಹುದು, ಆದರೆ ‘ನೀನೇ ಮನೆ ಎತ್ತಬೇಕು’ ಎಂಬ ಭಾರ ಹೊರಿಸಬೇಡಿ.

ನೆಂಟರ ಮುಂದೆ ಹೇಳಬಾರದು ಎಂದು ಮಕ್ಕಳಿಂದ ಮಾತು ತೆಗೆದುಕೊಳ್ಳುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಬೇಡ. ‘ಅದನ್ನ ಅಪ್ಪನ್ನೇ ಕೇಳಿ’ ಅನ್ನುವ ಉತ್ತರ ಕಲಿಸಿ.

ಫೀಸ್ ಕಟ್ಟೋಕಾಗ್ತಿಲ್ಲ. ಶಾಲೆ ಬದಲಿಸೋಣ ಅಂದ್ರೆ ಟಿಸಿ ಕೊಡಲ್ಲ ಅಂತಾರೆ.

ಕಂತಿನ ದಿನಕ್ಕೆ ಮೊದಲೇ ಆಡಳಿತ ಮಂಡಳಿಗೆ ಪತ್ರ ಕೊಡಿ: ಕೆಲಸ ಹೋದ ತಾರೀಖು, ಈಗ ಎಷ್ಟು ಕಟ್ಟಬಲ್ಲಿರಿ, ಉಳಿದದ್ದು ಯಾವ ಯಾವ ತಿಂಗಳಲ್ಲಿ. ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಂತು ದಾಟಿದ ಮೇಲೆ ಕೇಳುವುದಕ್ಕೂ ಮೊದಲೇ ಕೇಳುವುದಕ್ಕೂ ಉತ್ತರ ಬೇರೆ ಇರುತ್ತದೆ.

ಸರ್ಕಾರಿ ಶಾಲೆಗೆ ಸೇರಿಸುವುದಾದರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನಿಮ್ಮ ಪರವಾಗಿದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು, ಅದು ಬರಲಿಲ್ಲವೆಂದು ಎಂಟನೇ ತರಗತಿಯವರೆಗಿನ ಮಗುವಿನ ಪ್ರವೇಶವನ್ನು ನಿಲ್ಲಿಸುವಂತಿಲ್ಲ. ನಿಜವಾದ ತೊಡಕು ಬರುವುದು ಸ್ಯಾಟ್ಸ್‌ನಲ್ಲಿ, ಅಂದರೆ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ತಂತ್ರಾಂಶದಲ್ಲಿ. ಹಳೆಯ ಶಾಲೆ ಮಗುವಿನ ಸಂಖ್ಯೆಯನ್ನು ಬಿಟ್ಟುಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಿ. ಒಂಬತ್ತು ಮತ್ತು ಹತ್ತನೇ ತರಗತಿಯ ನಡುವೆ ಮಾತ್ರ ಶಾಲೆ ಬದಲಿಸುವ ಸಾಹಸ ಬೇಡ, ಬೋರ್ಡಿನ ನೋಂದಣಿ ತೊಡಕಾಗುತ್ತದೆ.

ನಡುರಾತ್ರಿ ಮಗುವಿಗೆ ಜ್ವರ, ನಾಳೆ ಇಂಟರ್‌ವ್ಯೂ. ಸಿರಪ್ ಎಷ್ಟು ಕೊಡ್ಬೇಕು?

ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಕಿಲೋಗೆ 10ರಿಂದ 15 ಮಿಲಿಗ್ರಾಂ. ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ತಪ್ಪಾಗುವುದು ಬಾಟಲಿಯಲ್ಲಿ. 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು. 12 ಕಿಲೋ ಮಗುವಿಗೆ ಮೊದಲನೆಯದಾದರೆ 5 ಮಿಲಿ, ಎರಡನೆಯದಾದರೆ 2.5 ಮಿಲಿ. ಹನಿ ಹಾಕುವ ಡ್ರಾಪ್ಸ್ ಇವೆರಡಕ್ಕಿಂತಲೂ ಗಟ್ಟಿ. ಅಜ್ಜಿಯೂ ಅಪ್ಪನೂ ಗೊತ್ತಿಲ್ಲದೆ ಎರಡೆರಡು ಸಲ ಹಾಕುವುದನ್ನು ತಪ್ಪಿಸಲು ಕೊಟ್ಟ ಸಮಯವನ್ನು ಬಾಟಲಿಯ ಮೇಲೇ ಬರೆಯಿರಿ. ಅಳತೆಗೆ ಮುಚ್ಚಳ ಅಥವಾ ಸಿರಿಂಜು, ಅಡುಗೆ ಚಮಚವಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಮಗು ಮಂಕಾಗಿದ್ದರೆ, ಉಚ್ಚೆ ನಿಂತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಸಿರಪ್ ನೆಚ್ಚಿ ಕೂರದೆ ಆಸ್ಪತ್ರೆಗೆ ಹೋಗಿ. ಸಂದರ್ಶನವನ್ನು ಒಂದು ದಿನ ಮುಂದೂಡಿ ಎಂದು ಬೆಳಗ್ಗೆ ಎಂಟರೊಳಗೆ ಮೇಲ್ ಹಾಕಿದರೆ ಹೆಚ್ಚಿನವರು ಒಪ್ಪುತ್ತಾರೆ.

## ಹಿರಿಯರ ಕಾಯಿಲೆ

ಅಮ್ಮನ ಔಷಧಿಗೇ ತಿಂಗಳಿಗೆ ಐದಾರು ಸಾವಿರ. ದಿನ ಬಿಟ್ಟು ದಿನ ಕೊಟ್ರೆ ನಡೆಯುತ್ತಾ?

ನಡೆಯುವುದಿಲ್ಲ. ಬಿಪಿ ಮಾತ್ರೆ ಹಾಗೆ ಕೊಟ್ಟರೆ ಒತ್ತಡ ಏರಿಳಿಯುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು, ಫಿಟ್ಸ್ ಮಾತ್ರೆ ತಪ್ಪಿದರೆ ಫಿಟ್ಸ್ ಮರುಕಳಿಸುತ್ತದೆ. ಉಳಿತಾಯ ಬೇರೆ ಕಡೆ ಇದೆ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ವೈದ್ಯರ ಮುಂದಿಟ್ಟು ‘ಇದರಲ್ಲಿ ಬಿಡಬಹುದಾದದ್ದು ಯಾವುದು?’ ಎಂದು ಕೇಳಿ. ಮೂವರು ವೈದ್ಯರು ಬರೆದ ಮೂರು ವಿಟಮಿನ್, ಎರಡು ಗ್ಯಾಸ್ ಮಾತ್ರೆ ಸಿಗುವುದು ಸಾಮಾನ್ಯ. ಉಳಿದವನ್ನು ಬ್ರಾಂಡ್ ಹೆಸರಿನ ಬದಲು ಔಷಧಿಯ ಮೂಲ ಹೆಸರಿನಲ್ಲಿ ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್‌ನಂಥ ದಿನನಿತ್ಯದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳ ‘ನಮ್ಮ ಕ್ಲಿನಿಕ್’ನಲ್ಲಿ ಉಚಿತ. ಫಿಟ್ಸ್ ಮಾತ್ರೆ ಮತ್ತು ವಾರ್ಫರಿನ್‌ನ ಬ್ರಾಂಡನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ. ಥೈರಾಯ್ಡ್ ಮಾತ್ರೆ ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಥೈರಾಯ್ಡಿನ ರಕ್ತಪರೀಕ್ಷೆ (ಟಿಎಸ್‌ಎಚ್) ಮಾಡಿಸಿ.

ನಾನು ಮನೇಲಿದ್ದಾಗಿಂದ ಅಪ್ಪನಿಗೆ ಲೋ ಶುಗರ್ ಆಗ್ತಿದೆ. ಇದೇನು ವಿಚಿತ್ರ?

ವಿಚಿತ್ರವೇನಲ್ಲ. ಮನೆಯ ಹೊತ್ತುಗೊತ್ತು ಕೆಟ್ಟಿರುತ್ತದೆ. ಎಂಟಕ್ಕೆ ಆಗುತ್ತಿದ್ದ ತಿಂಡಿ ನಿಮ್ಮ ಫೋನ್ ಸಂದರ್ಶನದಿಂದಾಗಿ ಒಂಬತ್ತೂವರೆಗೆ ಹೋಗಿದೆ, ಅಪ್ಪ ಮಾತ್ರ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂಟಕ್ಕೇ ತೆಗೆದುಕೊಂಡಿದ್ದಾರೆ. ಬೆವರು, ನಡುಕ, ತೊದಲು, ಕಾರಣವಿಲ್ಲದ ಸಿಟ್ಟು ಕಂಡರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಸಂದರ್ಶನ ಇರುವ ದಿನಗಳಿಗೆ ರಾತ್ರಿಯೇ ಇಡ್ಲಿ ಹಿಟ್ಟೋ ಚಪಾತಿಯೋ ಸಿದ್ಧವಿರಲಿ. ತಿಂಡಿ ತಟ್ಟೆಗೆ ಬಂದ ಮೇಲೆಯೇ ಮಾತ್ರೆ ಎಂಬ ಕ್ರಮ ಹಾಕಿಕೊಳ್ಳಿ.

ನಮ್ಮದು ಎಪಿಎಲ್ ಕಾರ್ಡ್. ಆಸ್ಪತ್ರೆ ಖರ್ಚಿಗೆ ಏನಾದ್ರೂ ಉಪಯೋಗ ಇದೆಯಾ?

ಇದೆ, ಸ್ವಲ್ಪ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಎಡವುವುದು ಎಲ್ಲಿ ಎಂದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗುವುದರಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು, ದಾಖಲಾಗುವಾಗಲೇ ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವವರು) ಕಾಣಬೇಕು. ಬಿಲ್ ಕಟ್ಟಿ ಆಮೇಲೆ ವಾಪಸ್ ಕೇಳಿದರೆ ಬರುವುದಿಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರರೋಗಕ್ಕೆ ನಿಮ್ಹಾನ್ಸ್: ಇಲ್ಲಿ ಸರದಿ ಉದ್ದ, ಖರ್ಚು ಕಡಿಮೆ. ಕೆಲಸ ಇಲ್ಲದ ದಿನಗಳಲ್ಲಿ ಸರದಿಯಲ್ಲಿ ನಿಲ್ಲಲು ನಿಮಗೆ ಸಮಯವಾದರೂ ಇದೆ.

## ಕೆಲಸದ ಹುಡುಕಾಟ

ಮನೇಲಿದ್ದೀಯಲ್ಲ ಅಂತ ಎಲ್ಲಾ ಕೆಲಸ ನನ್ನ ಮೇಲೇ. ಅಪ್ಲೈ ಮಾಡೋಕೆ ಟೈಮೇ ಇಲ್ಲ.

ಮಹಿಳೆಯರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಗಂಡಸರು ಅಷ್ಟಾಗಿ ಕೇಳುವುದಿಲ್ಲ. ಕಾರಣ ಬಿಡಿಸಿ ಹೇಳಬೇಕಿಲ್ಲ. ದಿನವಿಡೀ ಹುಡುಕುತ್ತೇನೆ ಎಂದು ಹೊರಟರೆ ದಿನವಿಡೀ ಬೇರೆಯವರಿಗೂ ಸಿಗುತ್ತೀರಿ. ಮಕ್ಕಳು ಶಾಲೆಯಲ್ಲಿರುವ ಎರಡೂವರೆ ಗಂಟೆಯನ್ನು, ಹತ್ತರಿಂದ ಹನ್ನೆರಡೂವರೆ ಎಂದಿಟ್ಟುಕೊಳ್ಳಿ, ಮೀಸಲಿಡಿ. ಎಚ್‌ಆರ್‌ಗಳ ಫೋನು ಹೆಚ್ಚು ಬರುವುದೂ ಆ ಹೊತ್ತಿಗೇ. ಗ್ಯಾಸ್ ಸಿಲಿಂಡರ್, ಲ್ಯಾಬ್ ವರದಿ, ಬ್ಯಾಂಕು ಎಲ್ಲ ಮಧ್ಯಾಹ್ನ ಮೂರರ ಮೇಲೆ. ಸಾಧ್ಯವಾದರೆ ಆ ಹೊತ್ತಿಗೆ ಮನೆಯಿಂದ ಹೊರಗೆ ಕೂರಿ, ನಗರ ಕೇಂದ್ರ ಗ್ರಂಥಾಲಯದ ಓದುವ ಕೋಣೆಯಾದರೂ ಆಯಿತು. ಕಣ್ಣಿಗೆ ಕಾಣದವರನ್ನು ‘ಒಂಚೂರು ಹಾಲು ತರ್ತೀಯಾ’ ಎಂದು ಕೇಳುವುದು ಕಷ್ಟ.

ಆ ಸಮಯವನ್ನು ನೂರು ಕಡೆ ಬಟನ್ ಒತ್ತುವುದಕ್ಕೆ ಕಳೆಯಬೇಡಿ. ದಿನಕ್ಕೆ ಮೂರೋ ನಾಲ್ಕೋ ಹುದ್ದೆ, ಪ್ರತಿಯೊಂದಕ್ಕೂ ರೆಸ್ಯೂಮೆಯ ಮೊದಲ ಐದು ಸಾಲು ತಿದ್ದಿ, ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ನೇರ ಸಂದೇಶ. ‘ಏನಾದ್ರೂ ಇದ್ರೆ ಹೇಳಿ’ ಎಂದು ಬರೆದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಹುದ್ದೆಯ ಹೆಸರು ಮತ್ತು ಲಿಂಕ್ ಕಳಿಸಿ ‘ಇದಕ್ಕೆ ರೆಫರ್ ಮಾಡಬಹುದಾ?’ ಎಂದು ಕೇಳಿ.

ಆನ್‌ಲೈನ್ ಇಂಟರ್‌ವ್ಯೂ ಮಧ್ಯೆ ಕುಕ್ಕರ್ ಕೂಗಿದ್ರೆ, ಮಗು ಬಂದ್ರೆ?

ಕುಕ್ಕರನ್ನು ಅರ್ಧ ಗಂಟೆ ಮೊದಲೇ ಇಳಿಸಿ, ಕಾಲಿಂಗ್ ಬೆಲ್ ಸ್ವಿಚ್ ಆರಿಸಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ವಿದ್ಯುತ್ ಹೋದರೆ ವೈಫೈ ಹೋಗುತ್ತದೆ, ಹಾಗಾಗಿ ಫೋನಿನ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ಪರೀಕ್ಷಿಸಿರಿ. ಮಗು ಬಂದುಬಿಟ್ಟರೆ ‘ಒಂದು ನಿಮಿಷ’ ಎಂದು ಮೈಕ್ ಮುಚ್ಚಿ, ಮಗುವನ್ನು ಕಳಿಸಿ, ಬಿಟ್ಟಲ್ಲಿಂದ ಮುಂದುವರಿಸಿ. ಐದು ಸಲ ಕ್ಷಮೆ ಕೇಳಿದರೆ ಅವರಿಗೆ ನೆನಪುಳಿಯುವುದು ಅದೇ.

ಅತ್ತೆಯವರನ್ನ ನೋಡ್ಕೊಳ್ಳೋಕೆ ಎಂಟು ತಿಂಗಳು ಗ್ಯಾಪ್ ಆಯ್ತು. ಹೇಗೆ ಬರೀಲಿ?

ಒಂದೇ ಸಾಲು: ‘ಕುಟುಂಬದ ಆರೋಗ್ಯ ಕಾರಣಕ್ಕೆ ವಿರಾಮ’, ತಿಂಗಳು, ವರ್ಷ. ಕಾಯಿಲೆಯ ಹೆಸರು, ಆಸ್ಪತ್ರೆಯ ಕಥೆ ಬೇಡ. ಸಂದರ್ಶಕರು ಕೇಳಿದರೆ ಈಗಿನ ಏರ್ಪಾಡನ್ನು ಹೇಳಿ, ಏಕೆಂದರೆ ಅವರ ಅನುಮಾನ ಹಿಂದಿನದಲ್ಲ, ಮುಂದೆ ಎಷ್ಟು ರಜೆ ಹಾಕುತ್ತೀರಿ ಎಂಬುದು. ‘ಈಗ ಹಗಲಿಗೆ ಆಯಾ ಇದ್ದಾರೆ, ತಿಂಗಳಿಗೊಂದು ತಪಾಸಣೆ ಶನಿವಾರ’ ಎಂದರೆ ಆ ಮಾತು ಮುಗಿಯಿತು. ಸುಳ್ಳು ಅನುಭವ ತುಂಬಿಸಬೇಡಿ, ಪಿಎಫ್ ಸೇವಾ ಇತಿಹಾಸದಲ್ಲಿ ತಿಂಗಳುಗಳು ಕಾಣುತ್ತವೆ.

ಕೆಲಸ ಪಕ್ಕಾ, ಲ್ಯಾಪ್‌ಟಾಪ್ ಡೆಪಾಸಿಟ್ ಹತ್ತು ಸಾವಿರ ಕಟ್ಟಿ ಅಂತಿದಾರೆ.

ಮೋಸ. ಕಟ್ಟಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

## ತೊಡಕಿನ ಪ್ರಶ್ನೆಗಳು

‘ನೀವೇ ರಾಜೀನಾಮೆ ಕೊಡಿ, ಒಳ್ಳೆ ರಿಲೀವಿಂಗ್ ಲೆಟರ್ ಕೊಡ್ತೀವಿ’ ಅಂತಿದಾರೆ. ಸೈನ್ ಮಾಡ್ಲಾ?

ಆ ಕೋಣೆಯಲ್ಲೇ ಮಾಡಬೇಡಿ. ಓದಿ ನಾಳೆ ಹೇಳುತ್ತೇನೆ ಎನ್ನುವುದಕ್ಕೆ ನಿಮಗೆ ಅವಕಾಶವಿದೆ. ರಾಜೀನಾಮೆ ಕೊಟ್ಟರೆ ಕಾಗದದ ಮೇಲೆ ಬಿಟ್ಟವರು ನೀವು. ಆಗ ಕಾನೂನಿನ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಬರುವವರಿಗೆ, ಕಂಪನಿಯೇ ತೆಗೆದುಹಾಕಿದ್ದರೆ ಸಿಗಬೇಕಾದ ಒಂದು ತಿಂಗಳ ನೋಟಿಸ್, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೈತಪ್ಪುತ್ತದೆ. ಸಾಲದ ಜತೆ ತೆಗೆದುಕೊಂಡ ಕೆಲಸ-ನಷ್ಟದ ವಿಮೆಯೂ ರಾಜೀನಾಮೆಗೆ ಅನ್ವಯವಾಗುವುದಿಲ್ಲ. ಸಹಿ ಮಾಡಲೇಬೇಕಾದರೆ ಅದಕ್ಕೆ ಬದಲಾಗಿ ಎಷ್ಟು ತಿಂಗಳ ಸಂಬಳ, ವಿಮೆ ಎಲ್ಲಿಯವರೆಗೆ ಎಂಬುದು ಅದೇ ಪತ್ರದಲ್ಲಿರಲಿ. ಹಣದ ಜತೆಗೆ ‘ಅಪ್ಪ ಅಮ್ಮನ ವಿಮೆ ಮೂರು ತಿಂಗಳು ಮುಂದುವರಿಸಿ’ ಎಂದೂ ಕೇಳಿ. ಕಂಪನಿಗೆ ಅದು ಸಣ್ಣ ಖರ್ಚು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಐದು ವರ್ಷ ತುಂಬಿದವರ ಲೆಕ್ಕ: ಕೊನೆಯ ಮೂಲ ವೇತನ (ತುಟ್ಟಿಭತ್ಯೆ ಇದ್ದರೆ ಅದೂ ಸೇರಿ) × 15 ÷ 26 × ವರ್ಷ. ಮೂಲ ವೇತನ 40,000, ಸೇವೆ ಏಳು ವರ್ಷ ಎಂದರೆ ಸುಮಾರು 1,61,500 ರೂಪಾಯಿ. ಕೊಡದಿದ್ದರೆ ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆಡೆ ಜಿಲ್ಲಾ ಕಾರ್ಮಿಕ ಅಧಿಕಾರಿ.

ಇಎಂಐ ಎರಡು ತಿಂಗಳು ಕಟ್ಟೋಕಾಗಲ್ಲ. ಏನು ಮಾಡ್ಲಿ?

ಮೊದಲ ಕಂತು ತಪ್ಪುವ ಮುನ್ನ ಶಾಖೆಗೆ ಬರಹದಲ್ಲಿ ತಿಳಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ ಮಾತುಕತೆಯ ಧಾಟಿಯೇ ಬೇರೆ. ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’ ಕಟ್ಟುತ್ತಾ ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಬಡ್ಡಿ ತಿಂಗಳಿಗೆ ಶೇ 3ರ ಆಸುಪಾಸು. ಅದನ್ನು ತೀರಿಸಲು ಬ್ಯಾಂಕಿನಲ್ಲಿ ಚಿನ್ನ ಅಡವಿಡುವುದು ಎಷ್ಟೋ ಮೇಲು, ನಾಚಿಕೆ ಪಡುವಂಥದ್ದೇನಿಲ್ಲ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ ಫೋನ್ ಮಾಡಿ ಮಾನ ಕಳೆದರೆ ಮೊದಲು ಬ್ಯಾಂಕಿಗೆ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಿ.

ನಮ್ಮೆಜಮಾನ್ರು ರಾತ್ರಿ ನಿದ್ದೆ ಮಾಡಲ್ಲ, ಯಾರ ಹತ್ರಾನೂ ಮಾತಾಡಲ್ಲ. ಸುಮ್ನೆ ಬಿಡಬೇಕಾ?

ಎರಡು ವಾರ ದಾಟಿದರೆ ಬಿಡಬೇಡಿ. ‘ಧೈರ್ಯವಾಗಿರಿ, ಇಂಥವೆಲ್ಲ ಬರ್ತವೆ’ ಎಂಬ ಮಾತು ಬಾಯಿ ಮುಚ್ಚಿಸುತ್ತದೆ ಅಷ್ಟೇ. ‘ಬದುಕಿರೋದೇ ಬೇಡ ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಹೌದು ಎಂದರೆ, ಅಥವಾ ವಿಮೆಯ ಕಾಗದ ಜೋಡಿಸಿಡುವುದು, ವಿದಾಯದಂಥ ಮಾತು ಕಂಡರೆ ಒಬ್ಬರನ್ನೇ ಬಿಡದೆ, ಮಾತ್ರೆಗಳ ಡಬ್ಬಿ ತೆಗೆದಿಟ್ಟು, ಅಂದೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ.

ಹಳೇ ಸಂಬಳಕ್ಕಿಂತ ಕಾಲುಭಾಗ ಕಡಿಮೆ ಆಫರ್ ಬಂದಿದೆ. ತಗೊಳ್ಳಲಾ, ಕಾಯಲಾ?

ಸಂಬಳವನ್ನಷ್ಟೇ ತೂಗಬೇಡಿ. ಆಫರ್ ಪತ್ರ ಹಿಡಿದು ನಾಲ್ಕು ಪ್ರಶ್ನೆ ಕೇಳಿ. ವಿಮೆಯಲ್ಲಿ ತಂದೆ ತಾಯಿ ಸೇರುತ್ತಾರಾ, ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ಅನ್ವಯವಾ, ಪ್ರೀಮಿಯಂ ಯಾರದು? ವಾರಕ್ಕೆ ಎಷ್ಟು ದಿನ ಆಫೀಸು? ಹೋಗಿಬರುವುದಕ್ಕೆ ಎಷ್ಟು ಹೊತ್ತು? ನೀವು ಹೊರಗಿರುವಾಗ ಆಯಾಗೆ, ಡೇ ಕೇರ್‌ಗೆ ಎಷ್ಟು ಹೋಗುತ್ತದೆ? ಅಪ್ಪ ಅಮ್ಮನನ್ನು ಸೇರಿಸುವ ಕಡಿಮೆ ಸಂಬಳದ ಕೆಲಸ, ಸೇರಿಸದ ಹೆಚ್ಚು ಸಂಬಳದ್ದಕ್ಕಿಂತ ಕೈಗೆ ಹೆಚ್ಚು ಉಳಿಸಬಹುದು. ಕೈಯಲ್ಲಿರುವ ಹಣ ಮೂರು ತಿಂಗಳಿಗಿಂತ ಕಡಿಮೆ ಇದ್ದು, ಮನೆಯಲ್ಲಿ ನಡೆಯುತ್ತಿರುವ ಚಿಕಿತ್ಸೆ ಇದ್ದರೆ ನಮ್ಮ ಸಲಹೆ ಒಪ್ಪಿಕೊಳ್ಳಿ ಎಂದೇ. ಆರು ತಿಂಗಳಿಗೆ ಮೇಲೆ ಸಾಗುವಷ್ಟಿದ್ದರೆ ಕಾಯಬಹುದು. ಸೇರುವ ಮೊದಲು ಬಾಂಡ್ ಇದೆಯಾ, ನೋಟಿಸ್ ಅವಧಿ 30 ದಿನವೋ 90 ದಿನವೋ ನೋಡಿಕೊಳ್ಳಿ. ಸೇರಿದ ವಾರವೇ ವಿಮೆಯ ಪೋರ್ಟಲ್‌ನಲ್ಲಿ ಮನೆಯವರ ಹೆಸರು, ಜನ್ಮದಿನಾಂಕ ಸೇರಿಸಿ. ಹೊಸಬರಿಗೆ ಸಾಮಾನ್ಯವಾಗಿ ಮೊದಲ 30 ದಿನ ಮಾತ್ರ ಆ ಕಿಟಕಿ ತೆರೆದಿರುತ್ತದೆ, ತಪ್ಪಿದರೆ ಮುಂದಿನ ವರ್ಷದ ನವೀಕರಣದವರೆಗೆ ಕಾಯಬೇಕು.